ನ್ಯೂಸ್‌ಗ್ರೂಪಿನಿಂದ ಇಳಿಸಿದ 38 ರಾರ್ ಭಾಗಗಳನ್ನು ಒಂದಾಗಿ ಜೋಡಿಸಲು ಯಾವ ತಂತ್ರಾಂಶ ಒಳ್ಳೆಯದು?

ಯಾವುದೂ ಬೇಡ. ನಿಮ್ಮ ಪ್ರಶ್ನೆಯಲ್ಲಿರುವ ‘ಜೋಡಿಸುವುದು’ ಎಂಬ ಮಾತನ್ನೇ ಮೊದಲು ತೆಗೆದುಹಾಕಿ. ಕುಗ್ಗಿಸಿ ತುಂಡು ಮಾಡಿದ ರಾರ್ ಫೈಲಿನ 38 ಭಾಗಗಳು ಬಂದಿವೆ, ಅವನ್ನು ಬಿಡಿಸುವ ತಂತ್ರಾಂಶವಾದ ವಿನ್‌ರಾರ್ 17ನೆಯ ಭಾಗಕ್ಕೆ ಬಂದಾಗ ಸಿಆರ್‌ಸಿ ದೋಷವೆಂದು, ಅಂದರೆ ಒಳಗಿನ ಮಾಹಿತಿ ಕೆಟ್ಟಿದೆಯೆಂದು, ನಿಂತುಬಿಡುತ್ತದೆ, ಡಿಸ್ಕಿನಲ್ಲಿ ಜಾಗವಿಲ್ಲ, ಆದ್ದರಿಂದ ಎಲ್ಲವನ್ನೂ ಒಂದೇ ಫೈಲಾಗಿ ಜೋಡಿಸಿ ಭಾಗಗಳನ್ನು ಅಳಿಸಿ ಆಮೇಲೆ ಬಿಡಿಸುತ್ತೇನೆ ಎಂದು ನೀವು ಬರೆದಿದ್ದೀರಿ. ಇದೇ ಆಲೋಚನೆ, ಇದೇ ಕ್ರಮದಲ್ಲಿ, 2006ರ ಮಳೆಗಾಲದಲ್ಲಿ ನನಗೂ ಬಂದಿತ್ತು.

ಆಗ ನಾನು ಶಿರಸಿಯಲ್ಲಿದ್ದೆ. ನ್ಯೂಜೆರ್ಸಿಯಲ್ಲಿದ್ದ ನನ್ನ ದೊಡ್ಡಪ್ಪನ ಮಗ, ನಮ್ಮ ಅಜ್ಜ ವಾಲಿಯಾಗಿ ಅರ್ಥ ಹೇಳಿದ್ದ ಒಂದು ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದ. 90 ನಿಮಿಷದ ನಾಲ್ಕು ಕ್ಯಾಸೆಟ್‌ಗಳು, ಒಟ್ಟು ಆರು ಗಂಟೆ, ಮೋನೋ ವೇವ್ ಫೈಲುಗಳಾಗಿ ಸುಮಾರು 1.9 ಜಿಬಿ. ಮೂರನೆಯ ಕ್ಯಾಸೆಟ್ ಹೇಗೋ ಒಂದು ಸಲ ಓಡಿತ್ತು. ಹಿಂದಕ್ಕೆ ಸುತ್ತುವಾಗ ಪ್ಲೇಯರ್ ಅದರ ಟೇಪನ್ನು ಒಳಗೆಳೆದುಕೊಂಡು ಚಿಂದಿ ಮಾಡಿತ್ತು. ಹಾಗಾಗಿ ಆ ಒಂದೂವರೆ ಗಂಟೆ ಅಣ್ಣನ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಸಿ.ಡಿ.ಗಳಿಗೆ ಬರೆದು ಅಂಚೆಯಲ್ಲಿ ಕಳಿಸಿದ್ದರೆ ಮುಗಿದುಹೋಗುತ್ತಿತ್ತು ಎಂದು ಈಗ ಯಾರಾದರೂ ಹೇಳಬಹುದು. ಆದರೆ ಅಣ್ಣ ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಗುಂಪಿನಲ್ಲಿ ಹರಟಿ ಬೆಳೆದವನು, ಇಂಥ ಚರ್ಚಾಗುಂಪುಗಳ (ನ್ಯೂಸ್‌ಗ್ರೂಪುಗಳ) ಹಳೆಯ ಜಾಲವಾದ ಯೂಸ್‌ನೆಟ್ ಬಿಟ್ಟರೆ ಅವನಿಗೆ ಬೇರೆ ದಾರಿಯೇ ಕಾಣುತ್ತಿರಲಿಲ್ಲ. ಅವನು ಆ ವೇವ್ ಫೈಲುಗಳನ್ನು ವಿನ್‌ರಾರ್‌ನಲ್ಲಿ ಕುಗ್ಗಿಸಿ, ತಲಾ 25 ಎಂಬಿಯ 46 ಭಾಗಗಳಾಗಿ ಮಾಡಿ, ‘ಆಲ್ಟ್.ಬೈನರೀಸ್.ಟೆಸ್ಟ್’ ಗುಂಪಿಗೆ ಏರಿಸಿದ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಫೈಲು ಎರಡು ಸಲ ತುಂಡಾಗಿರುತ್ತದೆ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಯೂಸ್‌ನೆಟ್ ಪಠ್ಯಕ್ಕಾಗಿಯೇ ಹುಟ್ಟಿದ್ದು. ಅದರಲ್ಲಿ ದೊಡ್ಡ ಫೈಲು ಸಾಗಬೇಕಾದರೆ ಸಣ್ಣ ಸಣ್ಣ ಲೇಖನಗಳಾಗಿ, ಅಂದರೆ ಸಂದೇಶಗಳಾಗಿ, ಅಕ್ಷರಗಳ ವೇಷ ತೊಟ್ಟು ಸಾಗಬೇಕು. ಹಳೆಯ ಯುಯುಎನ್‌ಕೋಡ್ ಪದ್ಧತಿಯಲ್ಲಿ ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗಿ ಉಬ್ಬುತ್ತಿದ್ದವು. 2001ರಲ್ಲಿ ಯೂರ್ಗೆನ್ ಹೆಲ್ಬಿಂಗ್ ತಂದ ವೈಎನ್ಕ್ ಪದ್ಧತಿ ಆ ಉಬ್ಬರವನ್ನು ಶೇಕಡಾ 2ರ ಆಸುಪಾಸಿಗೆ ಇಳಿಸಿತು. ಅಣ್ಣನ 25 ಎಂಬಿಯ ಒಂದೊಂದು ಭಾಗವೂ 60ಕ್ಕಿಂತ ಹೆಚ್ಚು ಲೇಖನಗಳಾಗಿತ್ತು, ಒಟ್ಟು ಸುಮಾರು 3,000 ಲೇಖನಗಳು. ಈ ಲೇಖನಗಳನ್ನು ಸೇರಿಸಿ ರಾರ್ ಭಾಗ ಮಾಡುವುದು ನ್ಯೂಸ್ ರೀಡರಿನ, ಅಂದರೆ ಗುಂಪಿನಿಂದ ಇಳಿಸುವ ತಂತ್ರಾಂಶದ, ಕೆಲಸ, ರಾರ್ ಭಾಗಗಳನ್ನು ಸೇರಿಸಿ ಮೂಲ ಫೈಲು ಮಾಡುವುದು ವಿನ್‌ರಾರ್‌ನ ಕೆಲಸ. ಈ ಎರಡರ ನಡುವೆ ಮನುಷ್ಯನಿಗೆ ಜೋಡಿಸಲು ಏನೂ ಉಳಿದಿರುವುದಿಲ್ಲ. ನಾನು ಅಲ್ಲಿ ಕೈ ಹಾಕಿದೆ.

ನನ್ನ ಸಂಪರ್ಕ 256 ಕೆಬಿಪಿಎಸ್‌ನದು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಲೆಕ್ಕಕ್ಕಿಲ್ಲ ಎಂಬ ಯೋಜನೆಯಲ್ಲಿತ್ತು. ಕರೆಂಟು ಹೋಗದಿದ್ದರೆ ಒಂದು ರಾತ್ರಿಗೆ 600 ಎಂಬಿ. ಶಿರಸಿಯ ಮಳೆಗಾಲದಲ್ಲಿ ಕರೆಂಟು ಹೋಗದಿರುವ ರಾತ್ರಿ ಯಾವುದೆಂದು ಅಲ್ಲಿಯವರನ್ನೇ ಕೇಳಿ. ಈಗ ನ್ಯೂಸ್ ಸರ್ವರ್‌ಗಳು ಲೇಖನಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ, ಆಗ ಎರಡು ಮೂರು ತಿಂಗಳಿಗೆ ಬಿಸಾಡುತ್ತಿದ್ದವು. ನಾನು ಇವತ್ತು ನಾಳೆ ಎನ್ನುತ್ತ ತಡಮಾಡಿ ತೊಡಗಿದ್ದರಿಂದ, 46ನೆಯ ಭಾಗ ಇಳಿಯುವ ಹೊತ್ತಿಗೆ ಆ ಲೇಖನಗಳ ಆಯುಷ್ಯ ಮುಗಿಯುತ್ತ ಬಂದಿತ್ತು. ಕೊನೆಯ ಭಾಗ ಬಂದ ಸಂತೋಷದಲ್ಲಿ ಅಣ್ಣನಿಗೆ ‘46 ಭಾಗಗಳೂ ಬಂದವು’ ಎಂದು ಮಿಂಚಂಚೆ ಬರೆದೆ. ಅವನು ಅದನ್ನು ಓದಿ ತನ್ನ ಡಿಸ್ಕಿನಲ್ಲಿದ್ದ ವೇವ್ ಫೈಲುಗಳನ್ನು ಅಳಿಸಿದ. ಅವನದೇನೂ ತಪ್ಪಿಲ್ಲ. ಬಂದವು ಎಂದರೆ ಬಿಡಿಸಿ ಕೇಳಿದ್ದೇನೆ ಎಂದೇ ಯಾರಾದರೂ ಅರ್ಥಮಾಡಿಕೊಳ್ಳುತ್ತಾರೆ.

ನನ್ನ ಡಿಸ್ಕಿನಲ್ಲಿ ಉಳಿದಿದ್ದ ಜಾಗ 1.3 ಜಿಬಿ. ಒಂದೊಂದೇ ಕ್ಯಾಸೆಟ್ ಬಿಡಿಸಿ ಸಿ.ಡಿ.ಗೆ ಬರೆಯುತ್ತ ಹೋದರೆ ಸಾಕಿತ್ತು, ಒಂದು ಕ್ಯಾಸೆಟ್‌ಗೆ 476 ಎಂಬಿ ಮಾತ್ರ. ಆದರೆ 46 ಫೈಲುಗಳು ಹಾಗೆಯೇ ಇರುವಾಗ ಬಿಡಿಸುವುದು ಹೇಗೆ, ಮೊದಲು ಒಂದಾಗಬೇಕಲ್ಲ ಎಂದುಕೊಂಡೆ. ಹಿಂದೆ ಕಚೇರಿಯಲ್ಲಿ ತಿಂಗಳ ವರದಿಗಳನ್ನು ಡಾಸ್‌ನ ‘ಕಾಪಿ’ ಆಜ್ಞೆಯಿಂದ ಒಂದೇ ಪಠ್ಯ ಫೈಲಾಗಿ ಸೇರಿಸುತ್ತಿದ್ದೆ. ಅದನ್ನೇ ಇಲ್ಲಿಗೂ ತಂದೆ. ಎರಡು ಸಾಲಿನ ಬ್ಯಾಚ್ ಫೈಲು: ಮೊದಲ ಸಾಲಿನಲ್ಲಿ ಎಲ್ಲ ಭಾಗಗಳನ್ನು ‘ಒಂದು.ರಾರ್’ ಎಂಬ ಫೈಲಿಗೆ ಕಾಪಿ ಮಾಡುವುದು, ಎರಡನೆಯದರಲ್ಲಿ ಭಾಗಗಳನ್ನು ಅಳಿಸುವುದು. ರಾತ್ರಿ 2ಕ್ಕೆ ಒಂದು ಲಿನಕ್ಸ್ ಡಿವಿಡಿ ತಾನಾಗಿ ಇಳಿಯತೊಡಗುವಂತೆ ಹೊಂದಿಸಿದ್ದೆ, ಅದಕ್ಕೆ ಜಾಗ ಬೇಕಿತ್ತು. ಒಂದು ಗಂಟೆಯ ಹೊತ್ತಿಗೆ ಬ್ಯಾಚ್ ಓಡಿಸಿದೆ. ಕಪ್ಪು ಕಿಟಕಿಯಲ್ಲಿ 46 ಹೆಸರುಗಳು ಸರಸರನೆ ಹರಿದು, ಒಂದು ಫೈಲು ಕಾಪಿಯಾಯಿತೆಂಬ ಸಾಲು ಮೂಡಿತು. 1,150 ಎಂಬಿ ಒಂದು ಕ್ಷಣದಲ್ಲಿ ಕಾಪಿಯಾಗುವುದು ಹೇಗೆ ಎಂದು ಕೇಳಿಕೊಳ್ಳುವಷ್ಟು ಎಚ್ಚರ ನನ್ನಲ್ಲಿರಲಿಲ್ಲ. ದೀಪ ಆರಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ‘ಒಂದು.ರಾರ್’ನ ಗಾತ್ರ 1 ಕೆಬಿ ಎಂದಿತ್ತು. ಪ್ರಾಪರ್ಟೀಸ್ ತೆರೆದೆ: 185 ಬೈಟ್. ನೋಟ್‌ಪ್ಯಾಡಿನಲ್ಲಿ ತೆರೆದರೆ ‘ರಾರ್!ರಾರ್!ರಾರ್!ರಾರ್!’ ಎಂದು ಎರಡು ಮೂರು ಸಾಲು, ಕೊನೆಯಲ್ಲೊಂದು ಗುರುತು ಸಿಗದ ಚೌಕ.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಹಲವು ಫೈಲುಗಳನ್ನು ಒಂದಾಗಿ ಸೇರಿಸುವಾಗ ‘ಕಾಪಿ’ ಆಜ್ಞೆ, ನೀವು ಬೇರೆ ಹೇಳದಿದ್ದರೆ, ಅವೆಲ್ಲ ಪಠ್ಯ ಫೈಲುಗಳೆಂದೇ ತಿಳಿಯುತ್ತದೆ. ಹಳೆಯ ಕಾಲದ ಪಠ್ಯ ಫೈಲಿನಲ್ಲಿ 26ನೆಯ ಸಂಕೇತ, ಅಂದರೆ ಕಂಟ್ರೋಲ್-ಝಡ್, ‘ಇಲ್ಲಿಗೆ ಮುಗಿಯಿತು’ ಎಂಬುದರ ಗುರುತು. ಪ್ರತಿ ಫೈಲಿನಲ್ಲೂ ಆ ಗುರುತು ಕಂಡ ಕೂಡಲೇ ‘ಕಾಪಿ’ ಅಲ್ಲಿಗೆ ನಿಲ್ಲಿಸಿ ಮುಂದಿನ ಫೈಲಿಗೆ ಹೋಗುತ್ತದೆ. ಈಗ ರಾರ್ ಭಾಗವೊಂದರ ಮೊದಲ ಬೈಟ್‌ಗಳನ್ನು ನೋಡಿ: ಆರ್, ಎ, ಆರ್ ಎಂಬ ಮೂರು ಅಕ್ಷರಗಳು, ಒಂದು ಉದ್ಗಾರ ಚಿಹ್ನೆ, ಐದನೆಯದಾಗಿ ಸರಿಯಾಗಿ ಅದೇ 26. ಹಾಗಾಗಿ ಪ್ರತಿ 25 ಎಂಬಿಯ ಭಾಗದಿಂದಲೂ ನನಗೆ ಸಿಕ್ಕಿದ್ದು ನಾಲ್ಕು ಬೈಟ್. 46 ಭಾಗಗಳಿಗೆ 184, ಕೊನೆಯಲ್ಲಿ ಆಜ್ಞೆ ತಾನಾಗಿ ಅಂಟಿಸುವ ಕಂಟ್ರೋಲ್-ಝಡ್ ಸೇರಿ 185. ಸ್ಲ್ಯಾಶ್ ಮತ್ತು ಬಿ, ಈ ಎರಡು ಅಕ್ಷರಗಳನ್ನು ಹಾಕಿದ್ದರೆ ಆಜ್ಞೆ ಅವನ್ನು ಬೈನರಿ ಫೈಲುಗಳೆಂದು ತಿಳಿದು ಪೂರ್ತಿ ಸೇರಿಸುತ್ತಿತ್ತು. ಆಗಲೂ ತಪ್ಪು ತಪ್ಪೇ. ಆದರೆ ಕೊನೆಯದನ್ನು ಬಿಟ್ಟು ಎಲ್ಲ ಭಾಗಗಳ ಗಾತ್ರ ಒಂದೇ ಆಗಿದ್ದುದರಿಂದ ಅಳತೆ ಹಿಡಿದು ಮತ್ತೆ ಕತ್ತರಿಸಿಕೊಳ್ಳಬಹುದಿತ್ತು.

ಅಳಿಸಿದ ಫೈಲುಗಳು ರೀಸೈಕಲ್ ಬಿನ್‌ನಲ್ಲೂ ಇರಲಿಲ್ಲ, ಆಜ್ಞೆಯಿಂದ ಅಳಿಸಿದವು ಅಲ್ಲಿಗೆ ಹೋಗುವುದಿಲ್ಲ. ಅಳಿಸಿದ್ದನ್ನು ಹುಡುಕಿಕೊಡುವ ತಂತ್ರಾಂಶ ತಂದು ಓಡಿಸಿದೆ. ಆ ವೇಳೆಗೆ 2 ಗಂಟೆಯಿಂದ ಇಳಿಯುತ್ತಿದ್ದ ಲಿನಕ್ಸ್ ಅದೇ ಜಾಗದ ಮೇಲೆ ಕುಳಿತಿತ್ತು. 25 ಭಾಗಗಳು ಸುಸ್ಥಿತಿಯಲ್ಲಿ ಸಿಕ್ಕವು, 21 ಹೋದವು. ಮತ್ತೆ ಇಳಿಸೋಣವೆಂದು ಸರ್ವರನ್ನು ಕೇಳಿದರೆ ಒಂದೊಂದು ಲೇಖನಕ್ಕೂ ‘430’ ಎಂಬ ಉತ್ತರ, ಅಂಥ ಲೇಖನ ಇಲ್ಲ ಎಂದು. ಮೊದಲ ಒಂಬತ್ತು ಭಾಗಗಳು ಅಖಂಡವಾಗಿದ್ದವು. ಅವುಗಳಿಂದ ಮೊದಲ ಕ್ಯಾಸೆಟ್‌ನ 70 ನಿಮಿಷ ಬಂತು: ಭಾಗವತರ ಹಾಡು, ಮದ್ದಳೆ, ಸುಗ್ರೀವನ ಅಳಲು. ವಾಲಿ ಇನ್ನೂ ಬಂದಿರಲಿಲ್ಲ. ಟೇಪು ಚಿಂದಿಯಾಗದೆ ಉಳಿದಿದ್ದ ಮೂರು ಕ್ಯಾಸೆಟ್‌ಗಳನ್ನು ಅಣ್ಣ ಎರಡು ವರ್ಷಗಳ ಮೇಲೆ ಮತ್ತೆ ಕೂತು ಇಳಿಸಿಕೊಟ್ಟ. ವಾಲಿ ಬಾಣ ತಾಗಿ ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನಿಸುವ ಭಾಗ, ಅಜ್ಜನಿಗೆ ಹೆಸರು ತಂದ ಭಾಗ, ಮೂರನೆಯ ಕ್ಯಾಸೆಟ್‌ನಲ್ಲಿತ್ತು.

ಈಗ ನಿಮ್ಮ 38 ಭಾಗಗಳ ವಿಚಾರ. ‘.001’, ‘.002’ ಎಂದು ಕೊನೆಯಾಗುವ ಫೈಲುಗಳು ಸಾಮಾನ್ಯವಾಗಿ ಕಬ್ಬನ್ನು ಕಡಿದಂತೆ ಕಡಿದವು; ಅವನ್ನು ತುದಿಗೆ ತುದಿ ಸೇರಿಸಿದರೆ ಮತ್ತೆ ಜಲ್ಲೆಯಾಗುತ್ತದೆ, ಅಲ್ಲಿ ಜೋಡಿಸುವ ತಂತ್ರಾಂಶಕ್ಕೆ ಅರ್ಥವಿದೆ. ರಾರ್ ಭಾಗಗಳು ವಾರಪತ್ರಿಕೆಯ ಧಾರಾವಾಹಿಯ ಕಂತುಗಳಂತೆ: ಪ್ರತಿಯೊಂದಕ್ಕೂ ತನ್ನದೇ ತಲೆಬರಹ, ಹಿಂದಿನ ಸಂಚಿಕೆಯಿಂದ ಮುಂದುವರಿದಿದೆ ಎಂಬ ಸೂಚನೆ, ಕೊನೆಯಲ್ಲಿ ಮುಂದಿನ ವಾರಕ್ಕೆ ಎಂಬ ಮಾತು. ನೀವು ಅಂಟಿಸಿದರೆ ಆ ಸೂಚನೆಗಳೂ ಕಥೆಯ ನಡುವೆ ಸೇರುತ್ತವೆ. ಎಲ್ಲ ಭಾಗಗಳನ್ನೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇಟ್ಟು, ಮೊದಲನೆಯದನ್ನು ಮಾತ್ರ ತೆರೆಯಿರಿ. ಉಳಿದವನ್ನು ವಿನ್‌ರಾರ್ ಅಥವಾ 7-ಜಿಪ್ ತಾನೇ ಹುಡುಕಿಕೊಳ್ಳುತ್ತದೆ. ಹೊಸ ಪದ್ಧತಿಯಲ್ಲಿ ಮೊದಲನೆಯದು ‘ಪಾರ್ಟ್01.ರಾರ್’. ಹಳೆಯ ಪದ್ಧತಿಯಲ್ಲಿ ಬರಿಯ ‘.ರಾರ್’ ಮೊದಲನೆಯದು, ‘.ಆರ್00’ ಎರಡನೆಯದು, ಸೊನ್ನೆ ಕಂಡು ಅದನ್ನೇ ಮೊದಲನೆಯದೆಂದು ತಿಳಿಯುವವರು ಬಹಳ ಮಂದಿ.

ಆದರೆ ಇನ್ನೂ ತೆರೆಯಬೇಡಿ. 17ನೆಯ ಭಾಗದ ಗಾತ್ರವನ್ನು ಬೈಟ್‌ಗಳಲ್ಲಿ ನೋಡಿ. ಕೊನೆಯ ಭಾಗ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಗಾತ್ರದವಾಗಿರಬೇಕು. ಅದು ಚಿಕ್ಕದಾಗಿದ್ದರೆ ಕೆಲವು ಲೇಖನಗಳು ಬಂದಿಲ್ಲವೆಂದೇ ಅರ್ಥ. ವಿನ್‌ರಾರ್ ತಾನು ಮೊದಲು ಎಡವಿದ ಜಾಗವನ್ನಷ್ಟೇ ಹೇಳುತ್ತಿದೆ, 24ನೆಯದೂ 31ನೆಯದೂ ಹಾಳಾಗಿರಬಹುದು. ಅದನ್ನು ಹೇಳುವುದು ನೀವು ‘ಜೊತೆಗೆ ಬಂದ ಕಸ’ ಎಂದು ಕರೆದಿರುವ ಪಾರ್2 ಎಂಬ ದುರಸ್ತಿ ಫೈಲುಗಳು. ನಾನೂ ಅವನ್ನು ಕಸವೆಂದೇ ತಿಳಿದು ಇಳಿಸಿರಲಿಲ್ಲ. ಇಳಿಸಿದ್ದರೂ ಅವುಗಳಲ್ಲಿದ್ದ ಶೇಕಡಾ 10ರಷ್ಟು ಹೆಚ್ಚುವರಿ ಮಾಹಿತಿ ನನ್ನ 21 ಭಾಗಗಳನ್ನು ತುಂಬಿಕೊಡುತ್ತಿರಲಿಲ್ಲ, ಆದರೆ ನಿಮ್ಮ ಒಂದೆರಡು ಭಾಗಗಳಿಗೆ ಅಷ್ಟು ಧಾರಾಳವಾಗಿ ಸಾಕು. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಕೊಟ್ಟ ಗಣಿತವೇ ಅದರೊಳಗಿರುವುದು. ಗೀರು ಬಿದ್ದ ಸಿ.ಡಿ. ಹಾಡುವುದೂ ಅದರಿಂದಲೇ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಸಾಕೆಂದು ಶಾಲೆಯಲ್ಲಿ ಕಲಿತಿದ್ದೇವಲ್ಲ, ಹಾಗೆಯೇ ಎಷ್ಟು ಬ್ಲಾಕ್ (ಲೆಕ್ಕಕ್ಕಾಗಿ ಫೈಲನ್ನು ಸಮನಾಗಿ ಹಂಚಿದ ತುಣುಕು) ಕಳೆದಿವೆಯೋ ಅಷ್ಟು ಪಾರ್2 ಬ್ಲಾಕ್‌ಗಳು, ಯಾವುವಾದರೂ ಸರಿ, ಇದ್ದರೆ ಕಳೆದದ್ದು ಒಂದು ಬೈಟ್ ಬಿಡದೆ ಮರಳಿ ಹುಟ್ಟುತ್ತದೆ. ವಿಂಡೋಸ್‌ನಲ್ಲಿ ಮಲ್ಟಿಪಾರ್ ಎಂಬ ತಂತ್ರಾಂಶ ಹಾಕಿಕೊಂಡು ಅತಿ ಚಿಕ್ಕ ಪಾರ್2 ಫೈಲನ್ನು ತೆರೆಯಿರಿ, ಎಷ್ಟು ಬ್ಲಾಕ್ ಬೇಕೆಂದು ಅದು ಹೇಳುತ್ತದೆ. ಹೆಸರಿನಲ್ಲಿ ‘15+16’ ಎಂದಿದ್ದರೆ ಆ ಫೈಲಿನಲ್ಲಿ 16 ಬ್ಲಾಕ್‌ಗಳಿವೆ ಎಂದರ್ಥ; ಬೇಕಾದಷ್ಟನ್ನೇ ಇಳಿಸಿ, ದುರಸ್ತಿ ಮಾಡಿ, ಆಮೇಲೆ ಬಿಡಿಸಿ. ಯೂಸ್‌ನೆಟ್‌ನಿಂದ ಇಳಿಸುವ ತಂತ್ರಾಂಶವಾದ ಸ್ಯಾಬ್‌ಎನ್‌ಝಡ್‌ಬಿಡಿ ಇದೆಲ್ಲವನ್ನೂ ತಾನೇ ಮಾಡುತ್ತದೆ ಎಂದು ಬೇರೆಯವರು ಹೇಳಬಹುದು, ಮಾಡುತ್ತದೆ ಕೂಡ. ಅದರ ಆಯ್ಕೆಗಳಲ್ಲಿ ಬಿಡಿಸುವವರೆಗೆ ಮಾತ್ರ ಇಟ್ಟು, ಅಳಿಸುವ ಕೆಲಸವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ ಎನ್ನುವುದು ನನ್ನ ಹಟ.

ಜಾಗದ ಸಮಸ್ಯೆಗೆ ಜೋಡಣೆ ಪರಿಹಾರವೇ ಅಲ್ಲ, ಜೋಡಿಸುವಾಗ ಇನ್ನೊಂದು ಪ್ರತಿಯ ಜಾಗ ಬೇಕಾಗುತ್ತದೆ. ಯಾರ ಬಳಿಯಾದರೂ ಹೊರಗಿನ ಡಿಸ್ಕೊಂದನ್ನು ಎರಡು ದಿನಕ್ಕೆ ಕೇಳಿ ಪಡೆದು, ಭಾಗಗಳು ಇದ್ದಲ್ಲೇ ಇರಲಿ, ಬಿಡಿಸುವ ಗುರಿಯನ್ನು ಮಾತ್ರ ಅದರತ್ತ ತೋರಿಸಿ. ಆ ಡಿಸ್ಕಿನ ಫೈಲು ವ್ಯವಸ್ಥೆ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲು ಅದರಲ್ಲಿ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಬೇಕು. ಆದರೆ ಎರವಲು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮೊದಲು ಅದರಲ್ಲಿ ಏನಿದೆ ಎಂದು ಕೊಟ್ಟವರನ್ನು ಕೇಳಿ. ಬಿಡಿಸಿದ ಫೈಲನ್ನು ಮೊದಲು, ನಡುವೆ, ಕೊನೆಯಲ್ಲಿ ತೆರೆದು ನೋಡುವವರೆಗೆ 38 ಭಾಗಗಳೂ ಪಾರ್2ಗಳೂ ಹಾಗೆಯೇ ಇರಲಿ, ಏರಿಸಿದವರಿಗೆ ‘ಬಂತು’ ಎಂದು ಬರೆಯುವುದೂ ಅಲ್ಲಿಯವರೆಗೆ ಬೇಡ. ಮಲ್ಟಿಪಾರ್ ಎಷ್ಟು ಬ್ಲಾಕ್ ಕೇಳಿತು ಎಂಬ ಸಂಖ್ಯೆಯನ್ನು ಇಲ್ಲಿಯೇ ಕೆಳಗೆ ಬರೆಯಿರಿ, ಯಾವ ಪಾರ್2 ಇಳಿಸಬೇಕೆಂದು ಹೇಳುತ್ತೇನೆ.