“ಸಾಂತಾ ನಮ್ಮನೆಗೆ ಯಾಕೆ ಬರಲಿಲ್ಲ?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐದು ವರ್ಷದ ಹುಡುಗಿಯೊಬ್ಬಳ ತಾಯಿ ಸಲಹೆಗೆ ಬಂದಿದ್ದರು. ಅವರ ಮನೆಯಲ್ಲಿ ಕ್ರಿಸ್‌ಮಸ್ ಆಚರಿಸುವುದಿಲ್ಲ. ‘ಒಳ್ಳೆ ಮಕ್ಕಳಿಗೆ ಸಾಂತಾ ಉಡುಗೊರೆ ತರ್ತಾನೆ’ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ರಜೆ ಮುಗಿದ ಮೇಲೆ ಗೆಳತಿಯರು ತಮಗೆ ಬಂದಿದ್ದನ್ನೆಲ್ಲ ತೋರಿಸಿದರು. ಅಂದಿನಿಂದ ಮಲಗುವ ಹೊತ್ತಿಗೆ ಒಂದೇ ಪ್ರಶ್ನೆ: “ಅಮ್ಮಾ, ನಾನು ಕೆಟ್ಟವಳಾ?” ಯಾರೂ ಬೈಯದಿದ್ದರೂ ‘ಸಾರಿ’ ಹೇಳುವುದು ಜಾಸ್ತಿಯಾಗಿತ್ತು.

“ಸಾಂತಾ ಅಂತ ಯಾರೂ ಇಲ್ಲ ಅಂದುಬಿಡ್ಲಾ ಮೇಡಂ?” ಎಂದರು ತಾಯಿ.

ಮೊದಲ ಮಾತು ಅದಾಗುವುದು ಬೇಡ ಎಂದೆ. ಈ ವಯಸ್ಸಿನ ಮಕ್ಕಳು ಏನೇ ಆದರೂ ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. ಮಗುವಿಗೆ ಮೊದಲು ಬೇಕಿರುವುದು ಆ ಭಯಕ್ಕೆ ಉತ್ತರ. “ನೀನು ಒಳ್ಳೆಯವಳೇ ಕಂದಾ. ಸಾಂತಾ ಕ್ರಿಸ್‌ಮಸ್ ಮಾಡೋ ಮನೆಗಳ ಕಥೆ. ನಮ್ಮನೇಲಿ ಆ ಹಬ್ಬ ಇಲ್ಲ, ಅಷ್ಟೇ.” ಇಷ್ಟು ಸಾಕು. ಅವಳು ಕೇಳಿದಷ್ಟೂ ಸಲ ಇದನ್ನೇ ಹೇಳಿ, ಬೇಸರ ಮಾಡಿಕೊಳ್ಳಬೇಡಿ.

‘ಸಾಂತಾ ನಿಜವಾಗ್ಲೂ ಇದ್ದಾನಾ?’ ಎಂದು ಅವಳೇ ಕೇಳಿದರೆ ಸುಳ್ಳು ಬೇಡ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿಯ ಮೈರಾ ಎಂಬಲ್ಲಿ ನಿಕೊಲಾಸ್ ಎಂಬ ಬಿಷಪ್ ಇದ್ದರು. ಬಡವರಿಗೆ ಗುಟ್ಟಾಗಿ ನೆರವಾಗುತ್ತಿದ್ದರೆಂದು ಅವರ ಹೆಸರು. ಆ ನೆನಪಿನಿಂದ ಬೆಳೆದ ಕಥೆ ಇದು ಎನ್ನಿ. ಗೆಳತಿಯರಿಗೆ ಇದನ್ನು ಅವರ ಅಪ್ಪ ಅಮ್ಮನೇ ಹೇಳಲಿ ಎಂದೂ ಸೇರಿಸಿ.

ಆಮೇಲೆ, ಒಂದೊಂದು ಮನೆಗೆ ಒಂದೊಂದು ಹಬ್ಬ ಎಂದು ತಿಳಿಯಲು ಬೇರೆ ಹಬ್ಬಗಳನ್ನೂ ಪರಿಚಯಿಸಿ. ಒಂದೇ ದಿನ ಎಲ್ಲವನ್ನೂ ತುರುಕಬೇಡಿ. ಹನುಕ್ಕಾದಿಂದ ಶುರು ಮಾಡಿ ಎಂದೆ, ಅದು ಕೈಯಲ್ಲಿ ಮಾಡಿ ನೋಡುವಂಥದ್ದು. ಯಹೂದಿಯರ ಈ ಹಬ್ಬಕ್ಕೆ ಎಂಟು ರಾತ್ರಿ, ದೀಪದ ಕಂಬಕ್ಕೆ ಒಂಬತ್ತು ಬತ್ತಿ. ಶಮಾಶ್ ಎಂಬ ಒಂದು ದೀಪದಿಂದ ಉಳಿದವನ್ನು ಹಚ್ಚುತ್ತಾರೆ, ರಾತ್ರಿಗೊಂದು ಹೆಚ್ಚಿಸುತ್ತಾ ಹೋಗುತ್ತಾರೆ. ಒಂಬತ್ತು ಆಟದ ಇಟ್ಟಿಗೆ ಕೊಟ್ಟು ಜೋಡಿಸಲು ಬಿಡಿ. ‘ಯಹೂದಿಯರ ಕ್ರಿಸ್‌ಮಸ್’ ಅಂತ ಮಾತ್ರ ಹೇಳಬೇಡಿ. ಅದರ ಕಥೆಯೇ ಬೇರೆ, ಅವರಲ್ಲಿ ಅದಕ್ಕಿಂತ ದೊಡ್ಡ ಹಬ್ಬಗಳೂ ಇವೆ.

ಇನ್ನೊಂದು ದಿನ ಸ್ವೀಡನ್ನಿನ ಲೂಸಿಯಾ ಹಬ್ಬ. ಡಿಸೆಂಬರ್ 13ರಂದು ಬಿಳಿ ಉಡುಪಿನ ಹುಡುಗಿ ತಲೆಯ ಮೇಲೆ ದೀಪದ ಕಿರೀಟ ಹೊತ್ತು ಬರುತ್ತಾಳೆ. ಇರಾನಿನಲ್ಲಿ ಯಲ್ದಾ ಎಂಬ ಹಬ್ಬದ ರಾತ್ರಿ ಮನೆಮಂದಿ ಎಚ್ಚರವಿದ್ದು ದಾಳಿಂಬೆ ತಿನ್ನುತ್ತಾರೆ. ಇಷ್ಟೊಂದು ಕಡೆ ದೀಪ, ಎಚ್ಚರ ಯಾಕೆ? ಟಾರ್ಚ್ ಮುಂದೆ ಚೆಂಡನ್ನು ವಾಲಿಸಿ ತಿರುಗಿಸಿ. ಟಾರ್ಚಿನಿಂದ ಆಚೆಗೆ ವಾಲಿದ ಭಾಗಕ್ಕೆ ಕತ್ತಲು ಜಾಸ್ತಿ ಹೊತ್ತು. ಭೂಮಿಯ ಉತ್ತರ ಭಾಗದಲ್ಲಿ ಡಿಸೆಂಬರ್ 21ರ ಆಸುಪಾಸಿಗೆ ರಾತ್ರಿ ತುಂಬಾ ಉದ್ದ. ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಬೇಸಿಗೆ, ಕ್ರಿಸ್‌ಮಸ್ ಬರುವುದೂ ಬಿಸಿಲಲ್ಲೇ. ಮಕ್ಕಳಿಗೆ ಇದು ಭಾರೀ ಖುಷಿ ಕೊಡುವ ಸಂಗತಿ.

ಶಿಕ್ಷಕಿಯ ಹತ್ತಿರವೂ ಮಾತಾಡಿ, ದೂರು ಹೇಳುವ ಹಾಗಲ್ಲ ಎಂದೆ. ‘ಒಳ್ಳೆ ಮಕ್ಕಳಿಗೆ’ ಅನ್ನುವ ಬದಲು ‘ಈ ಹಬ್ಬ ಮಾಡುವ ಮನೆಗಳಲ್ಲಿ’ ಎಂದರೆ ಯಾವ ಮಗುವೂ ಹೊರಗುಳಿಯುವುದಿಲ್ಲ, ಅಲ್ವಾ? ತಾಯಿ ಒಪ್ಪಿದರು. ಶಾಲೆಯ ಡೈರಿಯಲ್ಲಿ ಆ ಸಾಲನ್ನೇ ಬರೆದು ಕಳಿಸುತ್ತೇನೆ ಎಂದರು.