ಗೊರಿಲ್ಲಾ ನುಗ್ಗಿ ಬಂದರೆ ಓಡಬೇಕಾ?

ಪ್ರಶ್ನೆ: ನಮ್ಮ ಕಂಗಿನ ತೋಟದ ಮಂಗಗಳು ಕಲ್ಲೆತ್ತಿದರೆ ಓಡುತ್ತವೆ. ಕಾಡಿನ ಗೊರಿಲ್ಲಾ ಹತ್ತಿರ ಪ್ರವಾಸಿಗರು ಹೋಗುತ್ತಾರಲ್ವಾ, ಮೈಮೇಲೆ ಬೀಳುವುದಿಲ್ಲವೇ?
– ಓದುಗರೊಬ್ಬರು, ಮುಳ್ಳೇರಿಯ, ಕಾಸರಗೋಡು

ಉತ್ತರ: ಸುಮ್ನೆ ಬೀಳುವುದಿಲ್ಲ. ಉಗಾಂಡಾ, ರುವಾಂಡಾದಲ್ಲಿ ಪ್ರವಾಸಿಗರಿಗೆ ತೋರಿಸುವುದು ಮನುಷ್ಯರಿಗೆ ಒಗ್ಗಿದ ಗುಂಪುಗಳನ್ನು, ಹಾಗೆ ಒಗ್ಗಿಸಲು ಕಾಡಿನ ಸಿಬ್ಬಂದಿ ವರ್ಷಗಟ್ಟಲೆ ದಿನಾ ಹೋಗಿ ಮುಖ ತೋರಿಸಬೇಕು. ಹೆಚ್ಚಿನವು ನಿಮ್ಮನ್ನೊಮ್ಮೆ ನೋಡಿ ಸೊಪ್ಪು ತಿನ್ನುತ್ತಾ ಕೂರುತ್ತವೆ. ಮರಿಗಳಿಗೆ ಕುತೂಹಲ ಜಾಸ್ತಿ, ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು. ಬೆನ್ನು ಬೆಳ್ಳಗಾದ ದೊಡ್ಡ ಗಂಡು ಎದೆ ಬಡಿದು ನುಗ್ಗಿದರೂ ಬಹಳ ಸಲ ಅದು ಬರೀ ಹೆದರಿಸುವುದು, ಅರ್ಧದಲ್ಲೇ ನಿಲ್ಲುತ್ತದೆ. ಓಡಬೇಡಿ. ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ, ದಿಟ್ಟಿಸಬೇಡಿ. ನನಗೆ ಚಿಂತೆ ಅವುಗಳದ್ದೇ. ನಮ್ಮ ನೆಗಡಿ ಅಂಟಿದರೆ ಅವು ಸಾಯಲೂಬಹುದು, ಅದಕ್ಕೇ ಒಂದು ಗುಂಪಿಗೆ ದಿನಕ್ಕೆ 8 ಜನ, 1 ಗಂಟೆ ಮಾತ್ರ. ಕೆಮ್ಮು ಜ್ವರ ಇದ್ದರೆ, ದುಡ್ಡು ಕಟ್ಟಿದ್ದರೂ ಹೋಗಬೇಡಿ.