ಮಾದಲಕಾಯಿ ಆಯುರ್ವೇದದಾಗ ಯಾವುದಕ್ಕೆ ಬಳಸ್ತಾರ?

ಮೊದಲಿಗೆ ಒಂದು ಮಾತು, ನಮ್ಮ ಕೊಪ್ಪಳ ಕಡೆ ಮಾದ್ಲಿ ಅಂದ್ರ ಗೋದಿ ಬೆಲ್ಲದ ಸಿಹಿ, ನೀವು ಕೇಳಿದ್ದು ಮಾದಲಕಾಯಿ, ನಿಂಬಿ ಜಾತಿದು, ಮುಷ್ಟಿಗಿಂತ ದಪ್ಪ, ಮೈಯೆಲ್ಲಾ ಗಂಟುಗಂಟು, ಕೊಯ್ದ್ರ ಹೊಟ್ಟಿ ತುಂಬ ಬಿಳಿ ತಿರುಳೇ ಇರ್ತದ, ರಸ ಸ್ವಲ್ಪ. ಸಂಸ್ಕೃತದಾಗ ಮಾತುಲುಂಗ, ಬೀಜಪೂರ ಅಂತಾರ.

ಔಷಧಿಗೆ ಮುಖ್ಯವಾಗಿ ಬರೋದು ಒಳಗಿನ ಹುಳಿ ಎಸಳು, ಅದಕ್ಕ ಕೇಸರ ಅಂತಾರ. ಬಾಯಿ ರುಚಿ ಕೆಟ್ಟಾಗ, ವಾಕರಿಕೆ, ಬಿಕ್ಕಳಿಕೆ, ಹೊಟ್ಟಿನೋವು ಇದ್ದಾಗ ರಸಕ್ಕ ಚಿಟಿಕೆ ಸೈಂಧವ ಲವಣ ಹಾಕಿ ಕೊಡೋದು ಹಳೇ ಪದ್ಧತಿ. ಸಿಪ್ಪಿ ಮಾತ್ರ ಕಹಿ, ಜೀರ್ಣಕ್ಕ ಭಾರ, ಹಂಗಾಗಿ ಒಂದೇ ಹಣ್ಣಿನ ಎಸಳಿಗೆ ಒಂದು ಗುಣ ಸಿಪ್ಪಿಗೆ ಇನ್ನೊಂದು ಗುಣ ಅಂತ ಬೇರೆಬೇರೆ ಹೇಳ್ಯಾರ, ನನಗ ಇದೇ ಇಷ್ಟ ಆಗಿದ್ದು.

ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆಯ ‘ಹೃದ್ಯ’, ಅಂದ್ರ ಹೃದಯಕ್ಕ ಹಿತ, ಅನ್ನೋ 10 ಔಷಧಿ ದ್ರವ್ಯದ ಗುಂಪಿನಾಗ ಮಾವು, ದಾಳಿಂಬೆ ಜೊತಿ ಇದೂ ಐತಿ, ಆದ್ರ ಅಲ್ಲಿ ಹೃದ್ಯ ಅಂದ್ರ ಮನಸ್ಸಿಗೆ ಹಿತ ಅನ್ನೋ ಅರ್ಥನೂ ಬರತೈತಿ, ಹಾರ್ಟ್ ಮಾತ್ರೆ ಬಿಟ್ಟು ಇದನ್ನ ಕುಡಿಬ್ಯಾಡ್ರಿ ಮತ್ತ. ಅಸಿಡಿಟಿ, ಅಲ್ಸರ್ ಇದ್ದೋರು ಖಾಲಿ ಹೊಟ್ಟಿಗೆ ಹುಳಿ ತಗೊಂಡ್ರ ಎದಿ ಉರಿ ಹೆಚ್ಚಾಗತೈತಿ. ಉಳಿದ ದಪ್ಪ ಸಿಪ್ಪಿ ಒಗಿಬ್ಯಾಡ್ರಿ, ಉಪ್ಪಿನಕಾಯಿ ಹಾಕ್ರಿ, ಜ್ವಾಳದ ರೊಟ್ಟಿಗೆ ಭಾರಿ ಆಗತೈತಿ.